ಪ್ಲಾಸ್ಟಿಕ್ ಗೊಂಬೆಗೂ ವಯಸ್ಸಾಗುತ್ತದೆ

ನವರಾತ್ರಿಯ ದಿನಗಳಲ್ಲಿ ರಾಜಾಜಿನಗರ, ಬಸವೇಶ್ವರನಗರ, ವಿಜಯನಗರ, ಕೆಂಗೇರಿ ಕಡೆಯ ಯಾವುದಾದರೂ ಮನೆಗೆ ಗೊಂಬೆ ನೋಡಲು ಹೋಗಿದ್ದೀರಾ? ಹೋಗಿದ್ದರೆ ಒಂದು ಸಂಗತಿಯನ್ನು ಗಮನಿಸಿರುತ್ತೀರಿ. ಮೇಲಿನ ಹಂತದಲ್ಲಿ ಪಟ್ಟದ ಗೊಂಬೆಗಳು, ಅಂದರೆ ಮರದ ರಾಜ ಮತ್ತು ರಾಣಿ. ಅದರ ಕೆಳಗೆ ದಶಾವತಾರ. ಇನ್ನೂ ಕೆಳಗೆ ಅಕ್ಕಿ, ಬೇಳೆ, ಬೆಲ್ಲ ಹರವಿಕೊಂಡು ಕುಳಿತ ಶೆಟ್ಟಿ-ಶೆಟ್ಟಿತಿ. ಹಂತಗಳ ಪಕ್ಕದಲ್ಲಿ ಒಂದು ಮೇಜು, ಅದರ ಮೇಲೆ ಪುಟ್ಟದೊಂದು ಮದುವೆಮನೆ. ಧಾರೆ ಸೀರೆ ಉಟ್ಟು, ಬಾಸಿಂಗ ಕಟ್ಟಿಕೊಂಡು ನಿಂತ ಮದುಮಗಳನ್ನು ಸ್ವಲ್ಪ ಬಗ್ಗಿ ನೋಡಿ. ನೀಳವಾದ ಕಾಲು, ಕಿರಿದಾದ ಸೊಂಟ, ತುದಿಗಾಲಿನಲ್ಲಿ ನಿಂತಂತಹ ಪಾದ. ಆಕೆ ಬಾರ್ಬಿ!

ಈಗ ಒಂದು ಪ್ರಶ್ನೆ. ಮರದ ರಾಣಿ ಆ ಮನೆಯ ಮುತ್ತಜ್ಜಿಯ ಕಾಲದವಳು. ಪ್ಲಾಸ್ಟಿಕ್ಕಿನ ಮದುಮಗಳಿಗೆ ಹೆಚ್ಚೆಂದರೆ ಮೂವತ್ತು ವರ್ಷ. ಇನ್ನು ಐವತ್ತು ವರ್ಷ ಕಳೆದ ಮೇಲೆ ಇಬ್ಬರಲ್ಲಿ ಯಾರು ನೋಡುವಂತಹ ಸ್ಥಿತಿಯಲ್ಲಿ ಇರುತ್ತಾರೆ?

ಪ್ಲಾಸ್ಟಿಕ್ ನೂರಾರು ವರ್ಷ ಮಣ್ಣಿನಲ್ಲಿ ಕರಗದು ಎಂದು ಪಾಠದಲ್ಲಿ ಓದಿದ ನೀವು ತಟ್ಟನೆ ಮದುಮಗಳು ಎನ್ನಬಹುದು. ಆದರೆ ಸರಿಯಾದ ಉತ್ತರ, ಬಹುಮಟ್ಟಿಗೆ, ಮರದ ರಾಣಿ. ಏಕೆ ಹೀಗೆ ಎಂಬುದನ್ನು ತಿಳಿದುಕೊಂಡರೆ ಫ್ಯಾಶನ್ ಗೊಂಬೆಗಳನ್ನು ಸಂಗ್ರಹಿಸುವ ಹವ್ಯಾಸದ ಅರ್ಧ ಭಾಗ ನಿಮಗೆ ತಿಳಿದಂತೆ.

ಫ್ಯಾಶನ್ ಗೊಂಬೆ ಎಂದರೇನು?

ಮಗುವಿನ ರೂಪದ ಗೊಂಬೆಯನ್ನು ಮಕ್ಕಳು ಎತ್ತಿ ಆಡಿಸುತ್ತಾರೆ, ಮಲಗಿಸುತ್ತಾರೆ. ಫ್ಯಾಶನ್ ಗೊಂಬೆ ಹಾಗಲ್ಲ. ಅದು ಬೆಳೆದ ವ್ಯಕ್ತಿಯ ರೂಪದ್ದು, ಅದರ ಮುಖ್ಯ ಉದ್ದೇಶ ಉಡುಪು ಬದಲಾಯಿಸುವುದು. ಈ ಕಲ್ಪನೆ ಹಳೆಯದು. ಛಾಯಾಚಿತ್ರವಾಗಲಿ ಅಚ್ಚಾದ ಫ್ಯಾಶನ್ ಪತ್ರಿಕೆಯಾಗಲಿ ಇಲ್ಲದ ಕಾಲದಲ್ಲಿ ಯೂರೋಪಿನ ದರ್ಜಿಗಳು ಹೊಸ ಮಾದರಿಯ ಉಡುಪನ್ನು ಗೊಂಬೆಗೆ ತೊಡಿಸಿ ಒಂದು ಊರಿನಿಂದ ಇನ್ನೊಂದು ಊರಿಗೆ ಕಳುಹಿಸುತ್ತಿದ್ದರು. ಗೊಂಬೆಯನ್ನು ನೋಡಿ ಅಲ್ಲಿನ ಶ್ರೀಮಂತ ಮಹಿಳೆಯರು ತಮಗೆ ಬೇಕಾದ ಉಡುಪು ಹೊಲಿಸಿಕೊಳ್ಳುತ್ತಿದ್ದರು.

ಇಂದಿನ ಫ್ಯಾಶನ್ ಗೊಂಬೆಯ ಕಥೆ ಎರಡನೆಯ ಮಹಾಯುದ್ಧದ ನಂತರದ್ದು. ಜರ್ಮನಿಯ ಪತ್ರಿಕೆಯೊಂದರಲ್ಲಿ ಬರುತ್ತಿದ್ದ ವ್ಯಂಗ್ಯಚಿತ್ರದ ನಾಯಕಿ ಲಿಲ್ಲಿ 1955ರಲ್ಲಿ ಗೊಂಬೆಯಾಗಿ ಮಾರಾಟಕ್ಕೆ ಬಂದಳು. ಯೂರೋಪ್ ಪ್ರವಾಸದಲ್ಲಿದ್ದ ಅಮೆರಿಕದ ರೂತ್ ಹ್ಯಾಂಡ್ಲರ್ ಅವರ ಕಣ್ಣಿಗೆ ಅದು ಬಿತ್ತು. ಆಕೆ ತಮ್ಮ ಪತಿ ಎಲಿಯಟ್ ಜೊತೆ ಮ್ಯಾಟೆಲ್ ಎಂಬ ಆಟಿಕೆ ಕಂಪನಿ ನಡೆಸುತ್ತಿದ್ದರು. 1959ರ ಮಾರ್ಚ್ 9ರಂದು ನ್ಯೂಯಾರ್ಕಿನ ಆಟಿಕೆ ಮೇಳದಲ್ಲಿ ಮ್ಯಾಟೆಲ್ ತನ್ನ ಗೊಂಬೆಯನ್ನು ಪ್ರದರ್ಶಿಸಿತು. ಮಗಳು ಬಾರ್ಬರಾಳ ಹೆಸರಿನಿಂದಲೇ ಅದಕ್ಕೆ ಬಾರ್ಬಿ ಎಂಬ ಹೆಸರು. ಬೆಲೆ ಮೂರು ಡಾಲರ್. ತಯಾರಾದದ್ದು ಜಪಾನಿನಲ್ಲಿ. ಅದರ ಪುಟ್ಟ ಉಡುಪುಗಳನ್ನು ಅಲ್ಲಿನ ಮಹಿಳೆಯರು ಮನೆಯಲ್ಲೇ ಕುಳಿತು ಹೊಲಿದುಕೊಟ್ಟರು.

ಆಮೇಲೆ ಬೇರೆ ದೇಶಗಳೂ ಸುಮ್ಮನಿರಲಿಲ್ಲ. 1963ರಲ್ಲಿ ಬ್ರಿಟನ್ನಿನ ಸಿಂಡಿ, 1967ರಲ್ಲಿ ಜಪಾನಿನ ಲಿಕ್ಕಾ, 2001ರಲ್ಲಿ ಅಮೆರಿಕದ್ದೇ ಆದ ಬ್ರಾಟ್ಜ್ ಬಂದವು. ಭಾರತದಲ್ಲಿಯೂ ‘ಲಿಯೋ ಮ್ಯಾಟೆಲ್’ ಮುದ್ರೆಯ ಪೆಟ್ಟಿಗೆಗಳಲ್ಲಿ ಇಲ್ಲೇ ತಯಾರಾದ ಬಾರ್ಬಿಗಳು 1990ರ ದಶಕದಲ್ಲಿ ಅಂಗಡಿಗೆ ಬಂದವು. ಸೀರೆ ಉಟ್ಟು, ಹಣೆಗೆ ಬೊಟ್ಟಿಟ್ಟ ಬಾರ್ಬಿಯೂ ಅವುಗಳಲ್ಲಿತ್ತು. ನಿಮ್ಮ ಅಮ್ಮ, ಚಿಕ್ಕಮ್ಮ ಅಥವಾ ಸೋದರತ್ತೆ ಹುಟ್ಟುಹಬ್ಬದ ಉಡುಗೊರೆಯಾಗಿ ಪಡೆದದ್ದು ಬಹುಶಃ ಇಂತಹದೇ ಒಂದು ಗೊಂಬೆ. ಅದು ಈಗ ಅಟ್ಟದ ಮೇಲೆ ಟ್ರಂಕಿನಲ್ಲಿರಬಹುದು, ಇಲ್ಲವೇ ಮನೆ ಬದಲಾಯಿಸುವಾಗ ಗುಜರಿಗೆ ಹೋಗಿರಬಹುದು. ಈ ಲೇಖನ ಮುಖ್ಯವಾಗಿ ಅಟ್ಟದ ಮೇಲಿರುವ ಆ ಗೊಂಬೆಯ ಪರವಾಗಿ.

ದೊಡ್ಡವರಿಗೇಕೆ ಗೊಂಬೆ?

‘ಈ ವಯಸ್ಸಿನಲ್ಲಿ ಗೊಂಬೆಯಾಟವೇ?’ ಎಂದು ನಗುವವರು ಇದ್ದಾರೆ. ಅಂಚೆಚೀಟಿ, ನಾಣ್ಯ, ಬೆಂಕಿಪೆಟ್ಟಿಗೆಯ ಲೇಬಲ್ ಕೂಡಿಡುವವರಿಗೆ ಈ ಮಾತು ಕೇಳಿಬರುವುದಿಲ್ಲ. ಗೊಂಬೆ ಎಂದರೆ ಮಾತ್ರ ಮಕ್ಕಳದ್ದು, ಅದರಲ್ಲೂ ಹೆಣ್ಣುಮಕ್ಕಳದ್ದು ಎಂಬ ಭಾವನೆ. ಆದರೆ ನಮ್ಮ ಹಳೆಯ ಮೈಸೂರು ಸೀಮೆಯ ಮನೆಗಳನ್ನೇ ನೋಡಿ. ಮದುವೆಯಲ್ಲಿ ಮಗಳಿಗೆ ಪಟ್ಟದ ಗೊಂಬೆಗಳನ್ನು ಕೊಟ್ಟು ಕಳುಹಿಸುವ ಪದ್ಧತಿ ಇತ್ತು. ವರ್ಷಕ್ಕೊಂದೆರಡು ಹೊಸ ಗೊಂಬೆ ಸೇರಿಸುತ್ತಾ, ಮುಕ್ಕಾದದ್ದಕ್ಕೆ ಬಣ್ಣ ಹಚ್ಚುತ್ತಾ, ಹಳೆಯ ಉಡುಗೆ ತೆಗೆದು ಹೊಸದು ತೊಡಿಸುತ್ತಾ, ಹಬ್ಬ ಮುಗಿದ ಮೇಲೆ ಹಳೆಯ ಬಟ್ಟೆಯಲ್ಲಿ ಸುತ್ತಿ ಎತ್ತಿಡುತ್ತಾ ಬಂದವರು ಅಜ್ಜಿಯರು. ಮಕ್ಕಳಿಗೆ ಸಿಗುತ್ತಿದ್ದದ್ದು ಗೊಂಬೆ ಬಾಗಿನದ ತಿಂಡಿ ಮಾತ್ರ. ಗೊಂಬೆಗೆ ಕೈ ಹಚ್ಚಿದರೆ ಬೈಗುಳ! ಮೈಸೂರಿನ ಅರಮನೆಯಲ್ಲಿ ಗೊಂಬೆಗಳಿಗೆಂದೇ ಗೊಂಬೆ ತೊಟ್ಟಿ ಇದೆ. ಅಂದಮೇಲೆ ದೊಡ್ಡವರು ಗೊಂಬೆ ಸಂಗ್ರಹಿಸುವುದು ನಮಗೆ ಹೊರಗಿನಿಂದ ಬಂದ ಹವ್ಯಾಸವಲ್ಲ. ಹೊರಗಿನಿಂದ ಬಂದದ್ದು ಗೊಂಬೆ ಮಾತ್ರ.

ದೇಶದ ಮಟ್ಟದಲ್ಲಿಯೂ ಇಂತಹ ಉದಾಹರಣೆ ಇದೆ. ವ್ಯಂಗ್ಯಚಿತ್ರಕಾರ ಶಂಕರ್ ಹಂಗೇರಿ ದೇಶದ ಒಂದು ಗೊಂಬೆಯಿಂದ ಆಸಕ್ತಿ ಹುಟ್ಟಿ, ಹೋದ ಹೋದ ದೇಶಗಳಿಂದ ಗೊಂಬೆ ತರತೊಡಗಿದರು. ಅವರ ಸಂಗ್ರಹವೇ 1965ರಲ್ಲಿ ದೆಹಲಿಯಲ್ಲಿ ಅಂತರರಾಷ್ಟ್ರೀಯ ಗೊಂಬೆಗಳ ವಸ್ತುಸಂಗ್ರಹಾಲಯವಾಯಿತು. ಒಬ್ಬ ವ್ಯಕ್ತಿಯ ಹವ್ಯಾಸ ಒಂದು ದೇಶದ ಆಸ್ತಿಯಾಗುವುದು ಹೀಗೆ.

ಬೆನ್ನ ಮೇಲಿನ ಇಸವಿ

ಸಂಗ್ರಾಹಕರ ಮೊದಲ ಕೆಲಸ ಕೊಳ್ಳುವುದಲ್ಲ, ಗುರುತಿಸುವುದು. ಬಾರ್ಬಿಯ ಉಡುಪು ತೆಗೆದು ಬೆನ್ನಿನ ಕೆಳಭಾಗವನ್ನು ನೋಡಿ. ಕಂಪನಿಯ ಹೆಸರು, ಒಂದು ಇಸವಿ, ತಯಾರಾದ ದೇಶದ ಹೆಸರು ಉಬ್ಬಕ್ಷರದಲ್ಲಿ ಕಾಣುತ್ತವೆ. ಎಷ್ಟೋ ಗೊಂಬೆಗಳ ಮೇಲೆ 1966 ಎಂದಿರುತ್ತದೆ. ಅದನ್ನು ಓದಿ ‘ಅರವತ್ತರ ದಶಕದ ಗೊಂಬೆ ಸಿಕ್ಕಿತು’ ಎಂದು ಹಿಗ್ಗುವವರು ಬಹಳ. ನಿಜ ಬೇರೆ. ಆ ಇಸವಿ ಮೈಯ ವಿನ್ಯಾಸದ ಹಕ್ಕು ನೋಂದಣಿಯಾದ ವರ್ಷವೇ ಹೊರತು ಗೊಂಬೆ ತಯಾರಾದ ವರ್ಷವಲ್ಲ. 1966ರ ಮುದ್ರೆ 1990ರ ದಶಕದ ಗೊಂಬೆಗಳ ಮೇಲೂ ಇದೆ. ತಲೆಯ ಅಚ್ಚು ಬೇರೆ, ಅದರ ಇಸವಿಯೂ ಬೇರೆ; ಅದು ಕುತ್ತಿಗೆಯ ಹಿಂಭಾಗದಲ್ಲೋ ತಲೆಯ ಒಳ ಅಂಚಿನಲ್ಲೋ ಇರುತ್ತದೆ.

ಹಾಗಾದರೆ ವಯಸ್ಸು ತಿಳಿಯುವುದು ಹೇಗೆ? ಹಲವು ಸುಳಿವುಗಳನ್ನು ಸೇರಿಸಿ ನೋಡಬೇಕು. ಮೊದಲನೆಯದು ತಯಾರಾದ ದೇಶ. ಕಾರ್ಖಾನೆಗಳು ಕೂಲಿ ಅಗ್ಗವಾದ ಕಡೆಗೆ ಸರಿಯುತ್ತಾ ಹೋದದ್ದರಿಂದ ಜಪಾನ್, ತೈವಾನ್, ಹಾಂಗ್‌ಕಾಂಗ್, ಫಿಲಿಪೈನ್ಸ್, ಮಲೇಶಿಯಾ, ಚೀನಾ, ಇಂಡೊನೇಶಿಯಾ ಎಂದು ಹೆಸರು ಬದಲಾಗುತ್ತದೆ. ಏಷ್ಯಾದ ಕೈಗಾರಿಕಾ ಇತಿಹಾಸವನ್ನು ಒಂದು ಸಾಲು ಗೊಂಬೆಗಳ ಬೆನ್ನಿನ ಮೇಲೆ ಓದಬಹುದು! ಎರಡನೆಯದು ಮುಖದ ಬಣ್ಣ. ಮೊದಮೊದಲ ಗೊಂಬೆಗಳ ಮುಖಕ್ಕೆ ಕೈಯಿಂದ ಬಣ್ಣ ಹಾಕುತ್ತಿದ್ದರು, ನಂತರ ಯಂತ್ರದಿಂದ ಮುದ್ರಿಸತೊಡಗಿದರು. ಭೂತಗನ್ನಡಿಯಲ್ಲಿ ನೋಡಿದರೆ ಎರಡಕ್ಕೂ ಇರುವ ವ್ಯತ್ಯಾಸ ತಿಳಿಯುತ್ತದೆ. ಮೂರನೆಯದು ಮಂಡಿ, ಮೊಣಕೈ ಮಡಚುವ ಬಗೆ. ನಾಲ್ಕನೆಯದು ಪೆಟ್ಟಿಗೆ. ಪೆಟ್ಟಿಗೆ ಉಳಿದಿದ್ದರೆ ಅದೇ ಜಾತಕ.

ಅಟ್ಟದ ಮೇಲಿನ ಗೊಂಬೆಗೆ ಹೆಚ್ಚಾಗಿ ಪೆಟ್ಟಿಗೆ ಇರುವುದಿಲ್ಲ. ಆದರೆ ಆಡಿದವರು ನಿಮ್ಮ ಮನೆಯಲ್ಲೇ ಇದ್ದಾರೆ. ಯಾವ ವರ್ಷ ಬಂತು, ಯಾರು ತಂದುಕೊಟ್ಟರು, ಮೈಮೇಲಿನ ಲಂಗ ಯಾವ ಹಳೆಯ ಸೀರೆಯದ್ದು ಎಂದು ಈಗಲೇ ಕೇಳಿ ಬರೆದಿಡಿ. ಇಪ್ಪತ್ತು ವರ್ಷದ ಮೇಲೆ ಈ ವಿವರ ಯಾವ ಅಂಗಡಿಯಲ್ಲೂ ಸಿಗದು.

ಮೆತ್ತಗಿರುವುದಕ್ಕೆ ತೆರುವ ಬೆಲೆ

ಈಗ ಮೊದಲಿನ ಪ್ರಶ್ನೆಗೆ ಬರೋಣ. ಪ್ಲಾಸ್ಟಿಕ್ ಎಂಬುದು ಒಂದೇ ವಸ್ತುವಲ್ಲ. ಒಂದು ಗೊಂಬೆಯಲ್ಲೇ ಮೂರು-ನಾಲ್ಕು ಬಗೆಯ ಪ್ಲಾಸ್ಟಿಕ್ ಇರಬಹುದು. ಎದೆ-ಸೊಂಟದ ಭಾಗ ಸಾಮಾನ್ಯವಾಗಿ ಗಡುಸು ಪ್ಲಾಸ್ಟಿಕ್. ಕೂದಲು ನೈಲಾನ್, ಸರಾನ್ ಅಥವಾ ಪಾಲಿಪ್ರೊಪಿಲೀನ್ ಎಳೆಗಳದ್ದು. ಅದನ್ನು ಯಂತ್ರದ ಸೂಜಿಯಿಂದ ತಲೆಗೆ ಹೊಲಿದಿರುತ್ತಾರೆ. ಹಾಗೆ ಹೊಲಿಯಬೇಕಾದರೆ ತಲೆ ಮೆತ್ತಗಿರಬೇಕಲ್ಲವೇ? ತಲೆಗೆ, ಹಲವು ಗೊಂಬೆಗಳಲ್ಲಿ ಕೈಕಾಲಿಗೂ, ಬಳಸುವುದು ವಿನೈಲ್, ಅಂದರೆ ಪಾಲಿವಿನೈಲ್ ಕ್ಲೋರೈಡ್. ನಿಮ್ಮ ಮನೆಯ ನೀರಿನ ಪಿ.ವಿ.ಸಿ. ಪೈಪು ಕೂಡ ಅದೇ!

ಪೈಪು ಕಲ್ಲಿನಂತೆ ಗಟ್ಟಿ, ಗೊಂಬೆಯ ಕೆನ್ನೆ ಮೆತ್ತಗೆ. ವ್ಯತ್ಯಾಸ ಬಂದದ್ದು ಪ್ಲಾಸ್ಟಿಸೈಸರ್ ಎಂಬ ಎಣ್ಣೆಯಂತಹ ದ್ರವದಿಂದ. ಪಿ.ವಿ.ಸಿ.ಯ ಉದ್ದುದ್ದ ಅಣುಸರಪಳಿಗಳ ನಡುವೆ ಇದು ಸೇರಿಕೊಂಡು ಅವು ಒಂದರ ಮೇಲೊಂದು ಜಾರುವಂತೆ ಮಾಡುತ್ತದೆ. ಚಪಾತಿ ಹಿಟ್ಟಿಗೆ ಎಣ್ಣೆ ಹಾಕಿ ನಾದಿದಂತೆ ಎಂದುಕೊಳ್ಳಿ. ಇಲ್ಲಿ ಒಂದು ವಿಷಯ ನೆನಪಿಡಿ: ಈ ದ್ರವ ಸರಪಳಿಗಳ ನಡುವೆ ಇರುತ್ತದೆಯೇ ಹೊರತು ರಾಸಾಯನಿಕ ಬಂಧದಿಂದ ಅವುಗಳಿಗೆ ಅಂಟಿಕೊಂಡಿರುವುದಿಲ್ಲ. ಆದ್ದರಿಂದ ವರ್ಷಗಳು ಕಳೆದಂತೆ ಅದು ನಿಧಾನವಾಗಿ ಮೇಲ್ಮೈಗೆ ಬರುತ್ತದೆ. ಹಳೆಯ ಗೊಂಬೆಯ ಕಾಲು ಮುಟ್ಟಿದಾಗ ಅಂಟಂಟಾಗುವುದು, ಅದಕ್ಕೆ ಧೂಳು ಮೆತ್ತಿಕೊಳ್ಳುವುದು ಈ ಕಾರಣದಿಂದ. ದ್ರವ ಹೊರಬಿದ್ದಷ್ಟೂ ಒಳಗಿನ ಪ್ಲಾಸ್ಟಿಕ್ ಬಿರುಸಾಗುತ್ತದೆ, ಕುಗ್ಗುತ್ತದೆ, ಕೊನೆಗೆ ಬಿರುಕು ಬಿಡುತ್ತದೆ.

ಇದರ ಜೊತೆಗೆ ಇನ್ನೊಂದು ಕ್ರಿಯೆಯೂ ನಡೆಯುತ್ತದೆ. ಶಾಖ ಮತ್ತು ಅತಿನೇರಳೆ ಕಿರಣಗಳಿಂದ ಪಿ.ವಿ.ಸಿ. ಒಡೆದು ಅತ್ಯಲ್ಪ ಪ್ರಮಾಣದಲ್ಲಿ ಹೈಡ್ರೋಜನ್ ಕ್ಲೋರೈಡನ್ನು ಬಿಡುತ್ತದೆ. ಈ ಆಮ್ಲ ಹೊರಹೋಗದೆ ಅಲ್ಲೇ ಉಳಿದರೆ ಒಡೆಯುವ ಕ್ರಿಯೆ ಇನ್ನೂ ಚುರುಕಾಗುತ್ತದೆ. ಹಳೆಯ ಬಾರ್ಬಿಗಳ ಕಿವಿಯ ಸುತ್ತ ಹಸಿರು ಕಲೆ ಕಾಣಿಸಿಕೊಳ್ಳುತ್ತದೆ. ಲೋಹದ ಓಲೆಯಲ್ಲಿರುವ ತಾಮ್ರ ಸವೆದು, ಅದರ ಹಸಿರು ಸಂಯುಕ್ತ ವಿನೈಲಿನ ಒಳಕ್ಕೆ ಇಳಿಯುವುದರಿಂದ ಆಗುವ ಕಲೆ ಅದು. ಮೇಲೆ ಎಷ್ಟು ಒರೆಸಿದರೂ ಹೋಗದು.

ಹಾಗಾದರೆ ಮಣ್ಣಿನಲ್ಲಿ ಪ್ಲಾಸ್ಟಿಕ್ ಕರಗದು ಎಂಬ ಪಾಠ ಸುಳ್ಳೇ? ಅಲ್ಲ. ವಸ್ತು ಚೂರಾಗಿ ನೂರಾರು ವರ್ಷ ಉಳಿಯಬಹುದು. ಆದರೆ ಗೊಂಬೆ ಗೊಂಬೆಯಾಗಿ ಉಳಿಯುವುದಿಲ್ಲ. ಕಸವಾಗಿ ಚಿರಾಯು, ಕಲಾವಸ್ತುವಾಗಿ ಅಲ್ಪಾಯು. ಚನ್ನಪಟ್ಟಣದ ಆಲೆಮರದ ಗೊಂಬೆ ಇದಕ್ಕೆ ವಿರುದ್ಧ. ಹುಳು ಹಿಡಿಯದಂತೆ, ನೀರು ತಾಗದಂತೆ ನೋಡಿಕೊಂಡರೆ ಮರ ತಲೆಮಾರುಗಳ ಕಾಲ ಹಾಗೆಯೇ ಇರುತ್ತದೆ. ಮೇಲಿನ ಅರಗಿನ ಬಣ್ಣ ಮಾಸಿದರೆ ಮತ್ತೆ ಹಚ್ಚಬಹುದು.

ಅಟ್ಟದಿಂದ ಕೆಳಗಿಳಿಸಿ

ಅಜ್ಜಿಯ ಪದ್ಧತಿ ಮರಕ್ಕೂ ಮಣ್ಣಿಗೂ ಒಪ್ಪುವಂತಹದು. ಅದನ್ನೇ ವಿನೈಲ್ ಗೊಂಬೆಗೆ ಅನ್ವಯಿಸಿದರೆ ತೊಂದರೆ. ಯಾವುದನ್ನು ಉಳಿಸಿಕೊಳ್ಳಬೇಕು, ಯಾವುದನ್ನು ಬಿಡಬೇಕು ಎಂದು ನೋಡೋಣ.

ಮೊದಲನೆಯದಾಗಿ ಜಾಗ. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿದೆ. ಮಂಗಳೂರು, ಉಡುಪಿಯ ಸೆಖೆ ಇಲ್ಲಿಲ್ಲ. ಇದು ಪ್ಲಾಸ್ಟಿಕ್ ಗೊಂಬೆಗಳ ಅದೃಷ್ಟ. ಆದರೆ ಬೇಸಿಗೆಯ ಮಧ್ಯಾಹ್ನ ಮೇಲಂತಸ್ತಿನ ಅಟ್ಟ, ಅದರಲ್ಲೂ ಶೀಟಿನ ಛಾವಣಿಯ ಕೆಳಗಿನ ಜಾಗ, ಕಾದ ಹಂಚಿನಂತಿರುತ್ತದೆ. ಉಷ್ಣಾಂಶ ಹತ್ತು ಡಿಗ್ರಿ ಏರಿದರೆ ರಾಸಾಯನಿಕ ಕ್ರಿಯೆಯ ವೇಗ ಸುಮಾರಾಗಿ ಇಮ್ಮಡಿಯಾಗುತ್ತದೆ ಎಂದು ಪಿ.ಯು. ತರಗತಿಯಲ್ಲಿ ಓದುತ್ತೀರಿ. ಆ ಲೆಕ್ಕವನ್ನು ಅಟ್ಟಕ್ಕೂ ಅನ್ವಯಿಸಿ. ಗೊಂಬೆಯನ್ನು ಕೆಳಗಿಳಿಸಿ, ಒಳಕೋಣೆಯ ಬೀರುವಿನ ಕೆಳ ಅರೆಯಲ್ಲಿಡಿ. ಗಾಜಿನ ಶೋಕೇಸಿನಲ್ಲಿ ಇಡುವುದಾದರೆ ಪಶ್ಚಿಮದ ಕಿಟಕಿಯ ಇಳಿಬಿಸಿಲು ಬೀಳದಂತೆ ನೋಡಿಕೊಳ್ಳಿ.

ಎರಡನೆಯದು ಹೊದಿಕೆ. ಅಜ್ಜಿ ಸುತ್ತುತ್ತಿದ್ದ, ಒಗೆದು ಒಗೆದು ಮೆತ್ತಗಾದ ಬಿಳಿ ಪಂಚೆಯ ತುಂಡು ಇಲ್ಲಿಯೂ ಶ್ರೇಷ್ಠ. ಅದಕ್ಕೆ ಗಾಳಿಯಾಡುತ್ತದೆ, ಬಣ್ಣ ಬಿಡುವುದಿಲ್ಲ. ವೃತ್ತಪತ್ರಿಕೆ ಬೇಡ, ಅದರ ಮಸಿ ವಿನೈಲಿಗೆ ಇಳಿಯುತ್ತದೆ. ಗಾಢ ಕೆಂಪು, ಕಪ್ಪು, ನೀಲಿ ಬಟ್ಟೆಯೂ ಹಾಗೆಯೇ. ವರ್ಷಗಟ್ಟಲೆ ಅದೇ ಉಡುಪಿನಲ್ಲಿದ್ದ ಗೊಂಬೆಯ ಮೈಗೆ ಆ ಬಣ್ಣ ಹತ್ತಿಕೊಂಡಿರುವುದನ್ನು ನೀವೇ ನೋಡಬಹುದು. ಪ್ಲಾಸ್ಟಿಕ್ ಚೀಲದಲ್ಲಿ ಬಿಗಿಯಾಗಿ ಕಟ್ಟಿಟ್ಟರೆ ಹೊರಬಂದ ಆಮ್ಲ ಒಳಗೇ ಉಳಿಯುತ್ತದೆ. ರಬ್ಬರ್ ಬ್ಯಾಂಡಂತೂ ಗೊಂಬೆಯ ಶತ್ರು. ಅದು ಹಳತಾದಂತೆ ಕರಗಿ ಮೈಗೆ ಅಂಟುತ್ತದೆ.

ಮೂರನೆಯದು ನುಸಿಗುಳಿಗೆ. ರೇಷ್ಮೆ ಸೀರೆಯ ಜೊತೆ ಇಡುವ ಅಭ್ಯಾಸದಿಂದ ಗೊಂಬೆಯ ಪೆಟ್ಟಿಗೆಗೂ ನಾಲ್ಕು ಹಾಕಿಬಿಡುತ್ತೇವೆ. ನ್ಯಾಫ್ತಲೀನ್ ಆವಿ ಕೆಲವು ಪ್ಲಾಸ್ಟಿಕ್ಕುಗಳನ್ನು ಮೆತ್ತಗಾಗಿಸುತ್ತದೆ. ಅದನ್ನು ಬಿಡಿ. ಮಳೆಗಾಲದಲ್ಲಿ ಬೂಷ್ಟು ಬರದಿರಲು ಔಷಧಿ ಬಾಟಲಿಗಳಲ್ಲಿ ಬರುವ ಸಿಲಿಕಾ ಜೆಲ್ ಪೊಟ್ಟಣಗಳನ್ನು ಕೂಡಿಟ್ಟು ಬಳಸಬಹುದು.

ನಾಲ್ಕನೆಯದು ಶುಚಿ ಮಾಡುವುದು. ಉಗುರುಬೆಚ್ಚಗಿನ ನೀರು, ಸೌಮ್ಯವಾದ ಸೋಪು, ಮೆತ್ತನೆಯ ಬಟ್ಟೆ ಸಾಕು. ಉಗುರುಬಣ್ಣ ತೆಗೆಯುವ ದ್ರವವನ್ನು ಹತ್ತಿರಕ್ಕೂ ತರಬೇಡಿ. ಅದರಲ್ಲಿರುವ ಅಸಿಟೋನ್ ಮುಖದ ಬಣ್ಣವನ್ನಷ್ಟೇ ಅಲ್ಲ, ಗಡುಸು ಪ್ಲಾಸ್ಟಿಕ್ಕನ್ನೂ ಕರಗಿಸುತ್ತದೆ. ಲೋಹದ ಓಲೆ, ಗುಂಡುಸೂಜಿ, ಪಿನ್ನುಗಳನ್ನು ತೆಗೆದು ಬೇರೆ ಇಡಿ. ಹಬ್ಬಕ್ಕೆ ಸೀರೆ ಉಡಿಸುವಾಗ ಪಿನ್ನು ಚುಚ್ಚುವ ಬದಲು ನಾಲ್ಕು ಹೊಲಿಗೆ ಹಾಕಿ.

ಇಷ್ಟು ಮಾಡಿದರೆ ಗೊಂಬೆ ಅಮರವಾಗುತ್ತದೆಯೇ? ಇಲ್ಲ. ವಯಸ್ಸಾಗುವುದನ್ನು ನಿಲ್ಲಿಸಲಾಗದು, ನಿಧಾನಗೊಳಿಸಬಹುದು. ಪ್ರಪಂಚದ ದೊಡ್ಡ ವಸ್ತುಸಂಗ್ರಹಾಲಯಗಳೂ ಪ್ಲಾಸ್ಟಿಕ್ ವಸ್ತುಗಳ ವಿಷಯದಲ್ಲಿ ಮಾಡುತ್ತಿರುವುದು ಇದನ್ನೇ.

ಆರರಲ್ಲಿ ಒಂದು ಪಾಲು

ಹವ್ಯಾಸದ ಅತ್ಯಂತ ಸಂತೋಷದ ಭಾಗ ಉಡುಪು ಹೊಲಿಯುವುದು. ಅದರಲ್ಲಿಯೂ ಗಣಿತ, ಭೌತಶಾಸ್ತ್ರ ಎರಡೂ ಇವೆ. ಬಾರ್ಬಿಯ ಎತ್ತರ ಹನ್ನೊಂದೂವರೆ ಅಂಗುಲ. ಆರರಿಂದ ಗುಣಿಸಿದರೆ 69 ಅಂಗುಲ, ಅಂದರೆ ಐದಡಿ ಒಂಬತ್ತು ಅಂಗುಲ. ಹೀಗಾಗಿ ಇದನ್ನು ಆರನೇ ಒಂದು ಪ್ರಮಾಣದ ಗೊಂಬೆ ಎನ್ನುತ್ತಾರೆ. ಐದೂವರೆ ಮೀಟರ್ ಉದ್ದ, 115 ಸೆಂಟಿಮೀಟರ್ ಅಗಲದ ಸೀರೆಯನ್ನು ಆರರಿಂದ ಭಾಗಿಸಿ. ಉದ್ದ ಸುಮಾರು 92 ಸೆಂಟಿಮೀಟರ್, ಅಗಲ 19 ಸೆಂಟಿಮೀಟರ್. ಒಂದು ರವಿಕೆ ಕಣದಲ್ಲಿ ಮೂರು-ನಾಲ್ಕು ಸೀರೆ ಆಯಿತು!

ಆದರೆ ಹೀಗೆ ಕತ್ತರಿಸಿ ಉಡಿಸಿದರೆ ಸೀರೆ ಕೊಡೆಯಂತೆ ಅಗಲವಾಗಿ ನಿಲ್ಲುತ್ತದೆ. ಏಕೆ? ಉದ್ದ, ಅಗಲ ಆರನೇ ಒಂದಾದವು. ಬಟ್ಟೆಯ ದಪ್ಪ, ಬಿಗಿ ಆಗಲಿಲ್ಲ. ಒಂದು ಸಣ್ಣ ಪ್ರಯೋಗ ಮಾಡಿ. ಬಟ್ಟೆಯ ಉದ್ದನೆಯ ಪಟ್ಟಿಯನ್ನು ಮೇಜಿನ ಅಂಚಿನಿಂದ ಸ್ವಲ್ಪಸ್ವಲ್ಪವೇ ಮುಂದಕ್ಕೆ ಚಾಚಿ. ಮೊದಲು ನೆಟ್ಟಗೆ ನಿಂತು, ಒಂದು ಹಂತ ದಾಟಿದ ಮೇಲೆ ತನ್ನ ತೂಕಕ್ಕೆ ತಾನೇ ಬಾಗುತ್ತದೆ. ಆ ಉದ್ದ ಬಟ್ಟೆಯ ಗುಣ, ಉಟ್ಟವರ ಎತ್ತರಕ್ಕೆ ತಕ್ಕಂತೆ ಅದು ಬದಲಾಗದು. ಎರಡು ಅಂಗುಲಕ್ಕೆ ಬಾಗುವ ಬಟ್ಟೆ ನಿಮ್ಮ ಮೇಲೆ ಚೆನ್ನಾಗಿ ಇಳಿಬೀಳುತ್ತದೆ. ಏಳೆಂಟು ಅಂಗುಲದ ಲಂಗದಲ್ಲಿ ಅದೇ ಬಟ್ಟೆ ಸೆಟೆದುಕೊಳ್ಳುತ್ತದೆ. ಆದ್ದರಿಂದ ತೆಳುವಾದ ಮಲ್ ಬಟ್ಟೆ, ಬಳಸಿ ಹಳತಾದ ಮೈಸೂರು ರೇಷ್ಮೆ, ಷಿಫಾನ್ ಆರಿಸಿಕೊಳ್ಳಬೇಕು. ನೆರಿಗೆ ಏಳರ ಬದಲು ಮೂರು ಸಾಕು. ದೊಡ್ಡ ಸೀರೆಯ ಆರು ಅಂಗುಲದ ಅಂಚು ಇಲ್ಲಿ ಒಂದೇ ಅಂಗುಲ. ಹಾಗಾಗಿ ಸಣ್ಣ ಜರಿ ಪಟ್ಟಿಯೇ ಇಲ್ಲಿ ದೊಡ್ಡ ಅಂಚು.

ಇದಕ್ಕೆ ಬೇಕಾದ ಸಾಮಗ್ರಿ ಪಶ್ಚಿಮ ಬೆಂಗಳೂರಿನವರಿಗೆ ದುರ್ಲಭವಲ್ಲ. ಪೀಣ್ಯದಲ್ಲಿ, ಮೈಸೂರು ರಸ್ತೆಯಲ್ಲಿ ಸಿದ್ಧ ಉಡುಪಿನ ಕಾರ್ಖಾನೆಗಳಿವೆ. ನಿಮ್ಮ ಬೀದಿಯ ಟೈಲರ್ ಅಂಗಡಿಯಲ್ಲಿ ಕತ್ತರಿಸಿ ಉಳಿದ ಚಿಂದಿಯ ಮೂಟೆ ಇರುತ್ತದೆ. ಕೇಳಿದರೆ ಕೊಡುತ್ತಾರೆ. ಉಳಿದ ಲೇಸು, ಜರಿ, ಟಿಚ್ ಬಟನ್ನುಗಳಿಗೆ ಚಿಕ್ಕಪೇಟೆ ಇದ್ದೇ ಇದೆ. ಗೊಂಬೆಗೆ ಹೊಲಿಯಲು ಕಲಿತ ಕೈ ದೊಡ್ಡ ಬಟ್ಟೆಗೆ ಹೆದರುವುದಿಲ್ಲ.

ಬೆಲೆಯ ಮಾತು

ಹಳೆಯ ಗೊಂಬೆ ಲಕ್ಷಾಂತರ ರೂಪಾಯಿಗೆ ಹೋಯಿತಂತೆ ಎಂಬ ಸುದ್ದಿ ಕೇಳಿ ಈ ಹವ್ಯಾಸಕ್ಕೆ ಇಳಿಯುವವರಿದ್ದಾರೆ. ಅವರು ಎರಡು ಗೊಂಬೆಗಳ ಕಥೆ ತಿಳಿದಿರಬೇಕು.

ಮೊದಲನೆಯದು ಬ್ಲೈತ್. ದೊಡ್ಡ ತಲೆ, ದಾರ ಎಳೆದರೆ ಬಣ್ಣ ಬದಲಾಗುವ ಕಣ್ಣುಗಳು. 1972ರಲ್ಲಿ ಅಮೆರಿಕದ ಕೆನ್ನರ್ ಕಂಪನಿ ಇದನ್ನು ತಂದಿತು. ಮಕ್ಕಳಿಗೆ ಹಿಡಿಸಲಿಲ್ಲ, ಒಂದೇ ವರ್ಷಕ್ಕೆ ನಿಂತಿತು. 2000ದಲ್ಲಿ ಜೀನಾ ಗ್ಯಾರನ್ ಎಂಬ ಛಾಯಾಗ್ರಾಹಕಿ ಈ ಗೊಂಬೆಯ ಛಾಯಾಚಿತ್ರಗಳ ಪುಸ್ತಕ ತಂದರು. ದೊಡ್ಡವರಿಗೆ ಹುಚ್ಚು ಹಿಡಿಯಿತು. 2001ರಲ್ಲಿ ಜಪಾನಿನ ತಕಾರಾ ಕಂಪನಿ ಮತ್ತೆ ಗೊಂಬೆ ತಯಾರಿಸಿತು, 1972ರ ಮೂಲ ಗೊಂಬೆಗೆ ಭಾರಿ ಬೆಲೆ ಬಂತು. ಎರಡನೆಯದು 1988ರಿಂದ ಪ್ರತಿ ಕ್ರಿಸ್ಮಸ್ಸಿಗೆ ಬರತೊಡಗಿದ ವಿಶೇಷ ಬಾರ್ಬಿ. ಮೊದಲ ವರ್ಷದ್ದಕ್ಕೆ ಬೇಡಿಕೆ ಏರಿದ್ದನ್ನು ಕಂಡು ಮುಂದಿನ ವರ್ಷಗಳಲ್ಲಿ ಕಂಪನಿ ಹೆಚ್ಚು ಹೆಚ್ಚು ತಯಾರಿಸಿತು, ಜನ ಪೆಟ್ಟಿಗೆ ಬಿಚ್ಚದೆ ರಾಶಿ ರಾಶಿ ಕೂಡಿಟ್ಟರು. ಎಲ್ಲರ ಬಳಿಯೂ ಇದ್ದ ಮೇಲೆ ಕೊಳ್ಳುವವರು ಯಾರು? 1990ರ ದಶಕದ ಇಂತಹ ಎಷ್ಟೋ ಗೊಂಬೆಗಳು ಕೊಂಡ ಬೆಲೆಯನ್ನೂ ತರಲಿಲ್ಲ.

ನೀತಿ ಸ್ಪಷ್ಟ. ಯಾರೂ ಉಳಿಸಿಕೊಳ್ಳದಿದ್ದ ವಸ್ತು ಅಪರೂಪವಾಗುತ್ತದೆ. ಅಪರೂಪವಾಗಲೆಂದೇ ಎಲ್ಲರೂ ಉಳಿಸಿಕೊಂಡದ್ದು ಆಗುವುದಿಲ್ಲ. ಪೆಟ್ಟಿಗೆ ಬಿಚ್ಚದೆ ಇಟ್ಟರೆ ಗೊಂಬೆ ಹೊಸದಾಗಿಯೇ ಇರುತ್ತದೆ ಎಂಬುದೂ ಪೂರ್ತಿ ನಿಜವಲ್ಲ. ಒಳಗಿನ ರಬ್ಬರ್ ಬ್ಯಾಂಡು, ಗಾಢ ಬಣ್ಣದ ಉಡುಪು, ಲೋಹದ ಓಲೆ ತಮ್ಮ ಕೆಲಸವನ್ನು ಪೆಟ್ಟಿಗೆಯೊಳಗೂ ಮಾಡುತ್ತಲೇ ಇರುತ್ತವೆ.

ನಮ್ಮಲ್ಲಿ ಇನ್ನೊಂದು ಸಂಗತಿಯೂ ಇದೆ. 2020ರ ಕೇಂದ್ರ ಬಜೆಟ್ಟಿನಲ್ಲಿ ಆಟಿಕೆಗಳ ಆಮದು ಸುಂಕವನ್ನು ಶೇಕಡ 20ರಿಂದ 60ಕ್ಕೆ, 2023ರಲ್ಲಿ 70ಕ್ಕೆ ಏರಿಸಲಾಯಿತು. ಹೊರದೇಶದಿಂದ ಗೊಂಬೆ ತರಿಸುವವರು ಈ ಲೆಕ್ಕವನ್ನೂ ಹಾಕಬೇಕಾಯಿತು. ವಿದ್ಯಾರ್ಥಿಗಳಾದ ನೀವು ಸಾಲ ಮಾಡಿ ಗೊಂಬೆ ಕೊಳ್ಳುವ ಯೋಚನೆಯನ್ನೇ ಮಾಡಬೇಡಿ. ಮನೆಯ ಅಟ್ಟ, ನೆಂಟರ ಮನೆ, ಗುಜರಿ ಅಂಗಡಿ, ಚಿಕ್ಕಪೇಟೆ ಕಡೆಯ ಸಂಡೆ ಬಜಾರ್ ಆರಂಭಕ್ಕೆ ಧಾರಾಳವಾಗಿ ಸಾಕು.

ಸಾಲಾಗಿ ನಿಲ್ಲಿಸಿದಾಗ

ಬಾರ್ಬಿಯ ಬಗ್ಗೆ ಒಂದು ಗಂಭೀರ ಆಕ್ಷೇಪಣೆ ಇದೆ. ಇಷ್ಟು ಕಿರಿದಾದ ಸೊಂಟ, ಇಷ್ಟು ಬಿಳಿ ಬಣ್ಣ ಎಷ್ಟು ಜನರಿಗೆ ಇರುತ್ತದೆ? ಇಂಗ್ಲೆಂಡಿನಲ್ಲಿ ನಡೆದು 2006ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಐದರಿಂದ ಎಂಟು ವರ್ಷದ ಹುಡುಗಿಯರಿಗೆ ಬಾರ್ಬಿಯ ಚಿತ್ರಗಳಿರುವ ಪುಸ್ತಕ ತೋರಿಸಲಾಯಿತು. ಅದನ್ನು ನೋಡಿದ ಎಳೆಯ ಹುಡುಗಿಯರಲ್ಲಿ ತಮ್ಮ ಮೈಯ ಬಗ್ಗೆ ಅತೃಪ್ತಿ ಹೆಚ್ಚಾದದ್ದು ಕಂಡುಬಂತು. ಕಪ್ಪು ಬಣ್ಣದ ಗೆಳತಿ ಕ್ರಿಸ್ಟಿ 1968ರಲ್ಲಿ ಬಂದಿದ್ದರೂ, ‘ಬಾರ್ಬಿ’ ಎಂಬ ಹೆಸರನ್ನೇ ಹೊತ್ತ ಕಪ್ಪು ಬಣ್ಣದ ಗೊಂಬೆ ಬರಲು 1980ರವರೆಗೆ ಕಾಯಬೇಕಾಯಿತು. ಅದನ್ನು ವಿನ್ಯಾಸ ಮಾಡಿದವರು ಕಿಟ್ಟಿ ಬ್ಲ್ಯಾಕ್ ಪರ್ಕಿನ್ಸ್. ತುಂಬಿದ ಮೈಯ, ಕುಳ್ಳನೆಯ, ಎತ್ತರದ ಬಾರ್ಬಿಗಳು ಬಂದದ್ದು 2016ರಲ್ಲಿ.

ಈ ಆಕ್ಷೇಪಣೆಯನ್ನು ಸಂಗ್ರಾಹಕರು ಮುಚ್ಚಿಡಬೇಕಿಲ್ಲ. ಬೇರೆ ಬೇರೆ ದಶಕದ ಗೊಂಬೆಗಳನ್ನು ಸಾಲಾಗಿ ನಿಲ್ಲಿಸಿ ನೋಡಿ. ಯಾವ ಕಾಲದಲ್ಲಿ ಸಮಾಜ ಯಾರನ್ನು ಸುಂದರಿ ಎಂದಿತು, ಯಾರನ್ನು ಬಿಟ್ಟಿತು, ಯಾವಾಗ ತಿದ್ದಿಕೊಂಡಿತು ಎಂಬುದು ಕಣ್ಣೆದುರಿಗೇ ಕಾಣುತ್ತದೆ. ಮದುವೆಮನೆಯ ಮೇಜಿನ ಮೇಲೆ ಬಿಳಿಚರ್ಮದ ಗೊಂಬೆಗೆ ಧಾರೆ ಸೀರೆ ಉಡಿಸಿದ ನಾವೂ ಆ ಸಾಲಿನಲ್ಲಿ ಒಂದು ಸಾಕ್ಷ್ಯವೇ. ಒಂದೇ ಗೊಂಬೆ ಆಟಿಕೆ. ಸಾಲು ಗೊಂಬೆಗಳು ದಾಖಲೆ.

ಒಂದು ನೋಟ್‌ಬುಕ್ಕಿನಿಂದ ಆರಂಭಿಸಿ

ದಾಖಲೆ ಎಂದಮೇಲೆ ಅದಕ್ಕೆ ಬರವಣಿಗೆ ಬೇಕು. ಇನ್ನೂರು ಪುಟದ ಒಂದು ನೋಟ್‌ಬುಕ್ ತೆಗೆದುಕೊಳ್ಳಿ. ಪ್ರತಿ ಗೊಂಬೆಗೂ ಒಂದು ಪುಟ, ಒಂದು ಕ್ರಮಸಂಖ್ಯೆ. ಬೆನ್ನ ಮೇಲಿನ ಬರಹ, ತಲೆಯ ಮೇಲಿನ ಬರಹ, ಎತ್ತರ, ಕೂದಲಿನ ಬಣ್ಣ, ಉಡುಪು, ಎಲ್ಲಿಂದ ಬಂತು, ಯಾರದು, ಈಗಿನ ಸ್ಥಿತಿ ಇವಿಷ್ಟನ್ನು ಬರೆಯಿರಿ. ಅಂಟಿದೆಯೇ, ಕಲೆ ಇದೆಯೇ ಎಂದು ವರ್ಷಕ್ಕೊಮ್ಮೆ ನೋಡಿ, ದಿನಾಂಕದೊಂದಿಗೆ ಸೇರಿಸಿ. ಹಬ್ಬಕ್ಕೆ ಗೊಂಬೆ ತೆಗೆಯುವ ದಿನವೇ ಇದಕ್ಕೆ ಅನುಕೂಲ.

ಜೊತೆಗೆ ಛಾಯಾಚಿತ್ರ ತೆಗೆಯಿರಿ. ಟೆಲಿವಿಷನ್ನಿನಲ್ಲಿ ಸಣ್ಣ ವಸ್ತುಗಳನ್ನು ಚಿತ್ರೀಕರಿಸುವಾಗ ನಾವು ಪಾಲಿಸುವ ಎರಡು ಸೂತ್ರಗಳು ನಿಮಗೂ ಉಪಯುಕ್ತ. ಕ್ಯಾಮೆರಾವನ್ನು ನಿಮ್ಮ ಕಣ್ಣಿನ ಮಟ್ಟದಲ್ಲಲ್ಲ, ಗೊಂಬೆಯ ಕಣ್ಣಿನ ಮಟ್ಟದಲ್ಲಿಡಿ. ಮೇಲಿನಿಂದ ತೆಗೆದರೆ ಅದು ನೆಲದ ಮೇಲೆ ಬಿದ್ದ ಆಟಿಕೆಯಂತೆ ಕಾಣುತ್ತದೆ. ಎದುರಿನಿಂದ ತೆಗೆದರೆ ವ್ಯಕ್ತಿಯಂತೆ ನಿಲ್ಲುತ್ತದೆ. ಬಲ್ಬಿನ ನೇರ ಬೆಳಕಿಗಿಂತ ಬೆಳಗಿನ ಕಿಟಕಿಯ ಹದವಾದ ಬೆಳಕು ಒಳ್ಳೆಯದು. ದಾಖಲೆಗೆಂದು ತೆಗೆಯುವ ಚಿತ್ರದಲ್ಲಿ ಪಕ್ಕಕ್ಕೊಂದು ಅಳತೆಪಟ್ಟಿ ಇರಲಿ.

ಈ ಭಾನುವಾರ ಬಿಡುವಾದಾಗ ಅಟ್ಟದ ಟ್ರಂಕನ್ನು ಇಳಿಸಿ. ಗೊಂಬೆ ಸಿಕ್ಕಿದರೆ ಮೊದಲು ಓಲೆ ತೆಗೆಯಿರಿ, ಬೆನ್ನು ನೋಡಿ, ಒರೆಸಿ, ಬಿಳಿ ಬಟ್ಟೆಯಲ್ಲಿ ಸುತ್ತಿ. ಆಮೇಲೆ ಅದರೊಂದಿಗೆ ಆಡಿದವರ ಪಕ್ಕದಲ್ಲಿ ಕುಳಿತು, ನೋಟ್‌ಬುಕ್ಕಿನ ಮೊದಲ ಪುಟ ತೆರೆದು, ‘ಇದಕ್ಕೆ ನೀವು ಏನೆಂದು ಹೆಸರಿಟ್ಟಿದ್ದಿರಿ?’ ಎಂದು ಕೇಳಿ.